ಪುಕ್ಕಟೆ ಕರೆಂಟಿನ ಲೆಕ್ಕ

ನಮ್ಮ ಮನೆಯಲ್ಲಿ ಕರೆಂಟ್ ಬಿಲ್ ಓದುವ ಕೆಲಸ ನನ್ನದು. ಅಬ್ಬಾ, ಅಮ್ಮಿ ಇಬ್ಬರೂ ಉರ್ದು ಮೀಡಿಯಂನಲ್ಲಿ ಓದಿದವರು. ಚೀಟಿ ಬಂದ ಕೂಡಲೇ "ಕಿತ್ತಾ ಆಯಾ?" ಎಂದು ಅಮ್ಮಿ ಕೇಳುತ್ತಾರೆ. "ಗೃಹಜ್ಯೋತಿ ಇದೆಯಲ್ಲ, 200 ಯುನಿಟ್ ಫ್ರೀ" ಎಂದು ಅಬ್ಬಾ ಹೇಳುತ್ತಾರೆ. ಕಾಮರ್ಸ್ ತೆಗೆದುಕೊಂಡ ಮೇಲೆ ನನಗೆ ತಿಳಿದದ್ದು, ಲೆಕ್ಕ ಅಷ್ಟು ಸುಲಭವಲ್ಲ ಎಂದು.

2023ರಲ್ಲಿ ಬಂದ ಈ ಯೋಜನೆಯಲ್ಲಿ ಎಲ್ಲರಿಗೂ 200 ಯುನಿಟ್ ಫ್ರೀ ಇಲ್ಲ. 2022-23ರಲ್ಲಿ ತಿಂಗಳಿಗೆ ಸರಾಸರಿ ಎಷ್ಟು ಬಳಸಿದ್ದೇವೋ ಅದರ ಮೇಲೆ ಶೇ. 10 ಸೇರಿಸಿ ಕೊಡುತ್ತಾರೆ. ನಮ್ಮ ಸರಾಸರಿ 110, ಹಾಗಾಗಿ ಫ್ರೀ ಸಿಗುವುದು 121. ಆಗ ಅಮ್ಮಿ ಮನೆಯಲ್ಲಿ ಹೊಲಿಗೆ ಶುರು ಮಾಡಿರಲಿಲ್ಲ. ಈಗ ಮಷಿನ್, ಇಸ್ತ್ರಿ ಪೆಟ್ಟಿಗೆ, ದಿನವಿಡೀ ಫ್ಯಾನ್ ಸೇರಿ 150 ಆಗುತ್ತದೆ. ಹೆಚ್ಚಿನ 29 ಯುನಿಟ್‌ಗೆ ದುಡ್ಡು ಕಟ್ಟಬೇಕು. ಯುನಿಟ್‌ಗೆ 6 ರೂಪಾಯಿ ಹಿಡಿದರೂ 174 ರೂಪಾಯಿ.

200 ದಾಟಿದರೆ ಫ್ರೀ ಪೂರ್ತಿ ಹೋಗುತ್ತದೆ. ಕಳೆದ ವರ್ಷ ಈದ್ ಬಟ್ಟೆಗಳ ಆರ್ಡರ್ ತುಂಬಾ ಇತ್ತು. ಸೆಹ್ರಿಯವರೆಗೂ ಮಷಿನ್ ಓಡಿತು, 207 ಯುನಿಟ್ ಆಯಿತು. 199ಕ್ಕೆ ನಿಂತಿದ್ದರೆ 468 ರೂಪಾಯಿ, 207 ಆದದ್ದಕ್ಕೆ 1,242. ಎಂಟು ಯುನಿಟ್‌ಗೆ 774 ರೂಪಾಯಿ! ಅಮ್ಮಿ ಒಂದು ಸೂಟ್ ಹೊಲಿದರೆ ಸಿಗುವುದು 250. ಮೂರು ಸೂಟ್‌ಗಳ ಕೂಲಿ ಬಿಲ್‌ಗೇ ಹೋಯಿತು.

ಹಾಗಾದರೆ ಏನು ಬದಲಾಯಿಸುವುದು? ಗೀಸರ್ 2000 ವ್ಯಾಟ್, ಅರ್ಧ ಗಂಟೆಗೆ ಒಂದು ಯುನಿಟ್. ಸೋಲಾರ್ ಹಾಕಿಸಿ ಎಂದು ಮಾಲೀಕರನ್ನು ಕೇಳಿದೆವು. "ಬಿಲ್ ಕಟ್ಟುವವರು ನೀವು, ಖರ್ಚು ನನಗೇಕೆ?" ಎಂದರು. ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್ ಸೋಲಾರ್‌ಗೆ 78,000 ರೂಪಾಯಿ ಸಬ್ಸಿಡಿ ಇದೆ. ಆದರೆ ಅದಕ್ಕೆ ಸ್ವಂತ ತಾರಸಿ ಬೇಕು. ಬೆಂಗಳೂರಿನಲ್ಲಿ ನಮ್ಮಂಥವರ ಬಾಡಿಗೆ ಕರಾರು 11 ತಿಂಗಳದ್ದು. ಗೋಡೆಗೆ ಹಾಕಿದ ಹಣ ಗೋಡೆಯಲ್ಲೇ ಉಳಿಯುತ್ತದೆ. ಬಿಚ್ಚಿಕೊಂಡು ಹೋಗುವಂಥದ್ದೇ ನಮಗೆ ಸರಿ.

ಉಳಿದದ್ದು ಫ್ಯಾನ್. ಹಳೆಯದು 75 ವ್ಯಾಟ್, ಬಿಎಲ್‌ಡಿಸಿ ಫ್ಯಾನ್ ಸುಮಾರು 30 ವ್ಯಾಟ್. ದಿನಕ್ಕೆ 16 ಗಂಟೆ ಓಡಿದರೆ ತಿಂಗಳಿಗೆ ಸುಮಾರು 22 ಯುನಿಟ್ ಉಳಿತಾಯ, ಅಂದರೆ 132 ರೂಪಾಯಿ. ಬೆಲೆ 3,000. ಹಾಕಿದ ಹಣ 23 ತಿಂಗಳಲ್ಲಿ ವಾಪಸ್.

"ಹಾಗಾದರೆ ಎರಡೂ ರೂಮಿಗೆ ಹಾಕೋಣ" ಎಂದರು ಅಬ್ಬಾ. ಇಲ್ಲಿ ಎಕನಾಮಿಕ್ಸ್‌ನ ಸೀಮಾಂತ ತುಷ್ಟಿಗುಣದ ಪಾಠ ನೆನಪಾಯಿತು. ನಾವು ದುಡ್ಡು ಕಟ್ಟುವುದು 29 ಯುನಿಟ್‌ಗೆ ಮಾತ್ರ. ಮೊದಲ ಫ್ಯಾನ್ 22 ಉಳಿಸಿದರೆ, ಎರಡನೆಯದು ನಮ್ಮ ಜೇಬಿಗೆ ಉಳಿಸುವುದು ಏಳೇ ಯುನಿಟ್, ತಿಂಗಳಿಗೆ 42 ರೂಪಾಯಿ. ಅದರ ಹಣ ವಾಪಸ್ ಬರಲು ಸುಮಾರು ಆರು ವರ್ಷ. ಫ್ಯಾನ್ ಅದೇ, ಬೆಲೆ ಅದೇ, ಲಾಭ ಮಾತ್ರ ಬೇರೆ. ಒಂದೇ ತಂದೆವು, ಅಮ್ಮಿಯ ಮಷಿನ್ ಮೇಲೆ ಹಾಕಿದೆವು.

ಈ ರಂಜಾನ್‌ನಲ್ಲೂ ಕಳೆದ ವರ್ಷದಷ್ಟೇ ಹೊಲಿಗೆ ಬಂದರೆ 207 ಇದ್ದದ್ದು 185ರ ಹತ್ತಿರ ನಿಲ್ಲಬೇಕು. ಪ್ರತಿ ಭಾನುವಾರ ಮೀಟರ್ ನೋಡಿ ಕ್ಯಾಲೆಂಡರ್ ಮೇಲೆ ಬರೆಯುತ್ತಿದ್ದೇನೆ. ಗೆಳೆಯರೇ, ನಿಮ್ಮ ಮನೆಗೆ ಎಷ್ಟು ಯುನಿಟ್ ಫ್ರೀ, ಈ ತಿಂಗಳು ಎಷ್ಟು ಬಳಕೆ, 200ಕ್ಕೆ ಇನ್ನೆಷ್ಟು ಬಾಕಿ? ಈ ಮೂರು ಸಂಖ್ಯೆ ಮೊದಲು ನೋಡಿ. ಏನು ಕೊಳ್ಳಬೇಕು, ಏನು ಬೇಡ ಎಂಬುದು ಆಮೇಲೆ ತಾನಾಗಿ ತಿಳಿಯುತ್ತದೆ.