ಮಂಜಿನ ಹಾದಿಯಲ್ಲೊಂದು ರೋಗನಿದಾನ

ನೀಲಗಿರಿಯ ಚಳಿಯಲ್ಲಿ ಎರಡು ಬಗೆಗಳುಂಟು. ಒಂದು, ನಿರ್ಮಲವಾದ ಆಕಾಶದ ರಾತ್ರಿಗಳಲ್ಲಿ ಹುಲ್ಲಿನ ಮೇಲೆ ಬೆಳ್ಳಗೆ ಹೆಪ್ಪುಗಟ್ಟುವ ಒಣ ಚಳಿ. ಇನ್ನೊಂದು, ಮಂಜು ಮುಸುಕಿ ಉಟ್ಟ ಬಟ್ಟೆಯನ್ನೂ ತೇವಗೊಳಿಸುವ ಹಸಿ ಚಳಿ. ಈ ಭೇದದ ಮಹತ್ತ್ವವನ್ನು ನಮಗೆ ಮನಗಾಣಿಸಿದುದು ಒಂದು ಹಳೆಯ ಮೋಟಾರು ಕಾರು.

ತಾಳವಾಡಿ ಸೀಮೆಯವರಾದ ನಮಗೆ ಉದಕಮಂಡಲ ಪರಸ್ಥಳವಲ್ಲ. ಸುಮಾರು 2,240 ಮೀಟರ್ ಎತ್ತರದ ಆ ಊರಿನ ಮಗ್ಗುಲಲ್ಲಿ ನಿಂತಿರುವ 2,637 ಮೀಟರ್ ಎತ್ತರದ ಶಿಖರಕ್ಕೆ ದೊಡ್ಡಬೆಟ್ಟವೆಂದೇ ಹೆಸರು. ಅದರ ಅರ್ಥ ತಿಳಿಯಲು ನಮ್ಮ ಮಕ್ಕಳಿಗೆ ನಿಘಂಟು ಬೇಡ. ಸುತ್ತಣ ಹಟ್ಟಿಗಳಲ್ಲಿ ಕೇಳಿಬರುವ ಬಡಗರ ನುಡಿಯೂ ಕನ್ನಡಕ್ಕೆ ಹತ್ತಿರದ ನಂಟು. ಕಳೆದ ಪುಷ್ಯಮಾಸದಲ್ಲಿ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು, ತಾನೇ ದುರಸ್ತಿ ಮಾಡಿದ್ದ ಇಬ್ಬರು ಕೂರುವ ಇಂಗ್ಲಿಷ್ ಸ್ಪೋರ್ಟ್ಸ್ ಕಾರಿನಲ್ಲಿ ನಮ್ಮನ್ನು ಅಲ್ಲಿಗೆ ಕರೆದೊಯ್ದನು.

ಮೊದಲ ಮುಂಜಾನೆ ಮಂಜಿನಲ್ಲಿ ಪೈಕಾರದ ದಾರಿ ಹಿಡಿದು ಆರೇಳು ಕಿಲೋಮೀಟರ್ ಹೋಗಿದ್ದೆವು. ಆಕ್ಸಲರೇಟರಿನಿಂದ ಕಾಲೆತ್ತಿದರೂ ಎಂಜಿನ್ನಿನ ವೇಗ ಇಳಿಯಲಿಲ್ಲ. ಆತನು ಕ್ಲಚ್ ಒತ್ತಿ, ಬ್ರೇಕ್ ಹಾಕಿ, ಬಂಡಿಯನ್ನು ಬದಿಗೆ ನಿಲ್ಲಿಸಿ ಎಂಜಿನ್ನನ್ನು ಆರಿಸಿದನು. ಹತ್ತು ನಿಮಿಷಗಳ ತರುವಾಯ ಎಲ್ಲವೂ ಸರಿಯಾಗಿತ್ತು! ಮಧ್ಯಾಹ್ನದ ಬಿಸಿಲಿನಲ್ಲಿ ಪರೀಕ್ಷಿಸಿದ ಮೆಕ್ಯಾನಿಕ್, ದೋಷವೇನೂ ಇಲ್ಲವೆಂದು ಕೇಬಲ್ಲಿಗೆ ಎಣ್ಣೆ ಬಿಟ್ಟು ಕಳುಹಿಸಿದನು. ಆದರೆ ನಾವು ಮೆಟ್ಟುಪಾಳಯಂಗೆ ಇಳಿಯಬೇಕಾಗಿತ್ತು. ಕೂನೂರಿನ ಕೆಳಗಿನ ಘಾಟಿಯಲ್ಲಿ 14 ಕಡಿದಾದ ತಿರುವುಗಳಿವೆ. ಅಲ್ಲಿ ವೇಗ ತಗ್ಗದ ಬಂಡಿ ನಮ್ಮ ಪ್ರಾಣವನ್ನಷ್ಟೇ ಅಲ್ಲ, ಎದುರು ಬರುವ ಬಸ್ಸಿನವರ ಪ್ರಾಣವನ್ನೂ ಒತ್ತೆಯಿಟ್ಟಂತೆ. ಕಾರಣವನ್ನು ತಿಳಿಯದೆ ಇಳಿಯಲಾಗದೆಂದು ನಿಶ್ಚಯಿಸಿದೆವು.

ಬಂದು ಹೋಗುವ ಜ್ವರವನ್ನು ಅದು ಬಂದ ಹೊತ್ತಿನಲ್ಲಿಯೇ ನೋಡಬೇಕಷ್ಟೆ. ಹೊತ್ತು, ಸ್ಥಳ, ಉಷ್ಣಮಾನ, ಮಂಜು ಇವನ್ನು ಪುಸ್ತಕದಲ್ಲಿ ಬರೆದಿಡತೊಡಗಿದೆವು. ಎರಡನೆಯ ದಿನ ಆಕಾಶ ತಿಳಿಯಾಗಿತ್ತು. ಹುಲ್ಲು ಬೆಳ್ಳಗೆ ಹೆಪ್ಪುಗಟ್ಟಿತ್ತು. ಉಷ್ಣಮಾನ 1 ಡಿಗ್ರಿ. ಕಾರು ಸಲೀಸಾಗಿ ಓಡಿತು. ಮೂರನೆಯ ದಿನ 9 ಡಿಗ್ರಿ, ದಟ್ಟವಾದ ಮಂಜು. ಹಿಂದಿನ ಸ್ಥಳದ ಸಮೀಪದಲ್ಲಿಯೇ ತೊಂದರೆ ಮರುಕಳಿಸಿತು. ಅಪರಾಧಿ ಬರಿಯ ಚಳಿಯಲ್ಲವೆಂಬುದು ಆಗಲೇ ಸ್ಪಷ್ಟವಾಯಿತು.

ಎಂಜಿನ್ ಆರಿಸಿ ಒಡನೆಯೇ ಮುಚ್ಚಳ ತೆರೆದೆವು. ಆತನು ಕೇಬಲ್ಲನ್ನು ಕಳಚಿದರೂ ಥ್ರಾಟಲ್ಲಿನ ಸನ್ನೆ ಅಲುಗಲಿಲ್ಲ. ಆದುದರಿಂದ ಕೇಬಲ್ಲು ನಿರಪರಾಧಿ. ಎಂಜಿನ್ನು ಮುಟ್ಟಲಾಗದಷ್ಟು ಬಿಸಿ. ಅದರ ಪಕ್ಕದ ಕಾರ್ಬ್ಯುರೇಟರಿನ ಕೊರಳಿನ ಮೇಲಾದರೋ ಬಿಳಿಯ ಹಿಮದ ಪದರ!

ಬೇಸಗೆಯಲ್ಲಿ ಮಣ್ಣಿನ ಹೂಜಿ ನೀರನ್ನು ತಂಪಾಗಿಸುವ ನಿಯಮವೇ ಇಲ್ಲಿಯೂ ಕೆಲಸ ಮಾಡುತ್ತದೆ. ಪೆಟ್ರೋಲು ಆವಿಯಾಗುವಾಗ ಸುತ್ತಣ ಶಾಖವನ್ನು ಹೀರುತ್ತದೆ. ಒಳಗಿನ ಗಾಳಿ 20 ಡಿಗ್ರಿಗಳಿಗೂ ಮಿಗಿಲಾಗಿ ತಣಿಯಬಲ್ಲದು. ಗಾಳಿಯಲ್ಲಿ ತೇವವಿದ್ದರೆ ಅದು ಥ್ರಾಟಲ್ಲಿನ ಬಿಲ್ಲೆಯ ಅಂಚಿನಲ್ಲಿ ಮಂಜುಗಡ್ಡೆಯಾಗಿ ಬಿಲ್ಲೆಯನ್ನು ಕಚ್ಚಿ ಹಿಡಿಯುತ್ತದೆ. ಬಂಡಿ ನಿಂತೊಡನೆ ಎಂಜಿನ್ನಿನ ಕಾವು ಮೇಲೇರಿ ಗಡ್ಡೆ ಕರಗುತ್ತದೆ. ಸಾಕ್ಷ್ಯವೂ ಅದರೊಡನೆ ಕರಗುತ್ತದೆ. ಹೆಪ್ಪುಗಟ್ಟಿಸುವ ಒಣ ಚಳಿಯ ಗಾಳಿಯಲ್ಲಿ ತೇವ ಅತ್ಯಲ್ಪವಾದ್ದರಿಂದ ಎರಡನೆಯ ದಿನ ತೊಂದರೆಯಾಗಲಿಲ್ಲ.

ಹೊಗೆಕೊಳವೆಯ ಬಳಿಯ ಬಿಸಿಗಾಳಿಯನ್ನು ಕಾರ್ಬ್ಯುರೇಟರಿಗೆ ಒಯ್ಯುವ ನಳಿಗೆಯೊಂದು ಆ ಕಾರಿಗೆ ಹಿಂದೆ ಇದ್ದಿತು. ಬಯಲುಸೀಮೆಯಲ್ಲಿ ಅದು ವ್ಯರ್ಥವೆಂದು ಯಾರೋ ಕಿತ್ತುಹಾಕಿದ್ದರು. ಉದಕಮಂಡಲದ ಪೇಟೆಯಲ್ಲಿ ತಗಡಿನ ಕೆಲಸದವರೊಬ್ಬರು ಅಂತಹುದನ್ನೇ ಮಾಡಿಕೊಟ್ಟರು. ಮರುದಿನದ ಮಂಜಿನಲ್ಲಿ ಎರಡು ಸಲ ಪೈಕಾರಕ್ಕೆ ಹೋಗಿಬಂದು, ತೊಂದರೆ ಮರುಕಳಿಸದುದನ್ನು ಕಂಡ ಮೇಲೆಯೇ ಘಾಟಿ ಇಳಿದೆವು. ಬಯಲು ಸೇರಿದ ಮೇಲೆ ನಳಿಗೆಯನ್ನು ಬೇರ್ಪಡಿಸಿದೆವು. ಬಿಸಿಗಾಳಿ ತೆಳುವಾದ್ದರಿಂದ ಅಲ್ಲಿ ಅದು ಎಂಜಿನ್ನಿನ ಶಕ್ತಿಯನ್ನು ಕುಂದಿಸುತ್ತದೆ.

ಈಗಿನ ಹೊಸ ಕಾರುಗಳಲ್ಲಿ ಕಾರ್ಬ್ಯುರೇಟರ್ ಇಲ್ಲ. ಆದರೂ ಹಳೆಯ ಬಂಡಿಗಳನ್ನು ಒಲವಿನಿಂದ ಕಾಪಾಡುವವರು ನಮ್ಮ ಗಡಿಸೀಮೆಯ ಮನೆಗಳಲ್ಲಿದ್ದಾರೆ. ಅವರಿಗೆ ನಮ್ಮ ಬಿನ್ನಹವಿಷ್ಟೆ: ಥ್ರಾಟಲ್ ಕಚ್ಚಿಕೊಂಡರೆ ಕ್ಲಚ್ ಒತ್ತಿ, ದೃಢವಾಗಿ ಬ್ರೇಕ್ ಹಾಕಿ, ನಿಂತ ಮೇಲೆ ಎಂಜಿನ್ ಆರಿಸಿರಿ, ಓಡುವಾಗ ಸ್ಟಿಯರಿಂಗ್ ಬೀಗ ಬೀಳುವಂತೆ ಕೀಲಿ ತಿರುಗಿಸದಿರಿ. ಬಿಸಿಲೇರಿದ ಮೇಲೆ ಕಾರು ಸರಿಯಾಯಿತೆಂದು ನೆಮ್ಮದಿಯಾಗಿರಬೇಡಿರಿ. ದೋಷ ಯಾವ ಹವೆಯಲ್ಲಿ ತೋರುವುದೋ ಆ ಹವೆಯಲ್ಲಿಯೇ ಅದನ್ನು ಅರಸಿರಿ.