ಐದು ವರ್ಷದ ಫೋನು

ಮನಸ್ಸು ಎರಡಾದವನು ಅಂಗಡಿಯ ಮೆಟ್ಟಿಲು ಹತ್ತಬಾರದು. 2024ರಲ್ಲಿ ಶಿವಮೊಗ್ಗದ ನೆಹರೂ ರಸ್ತೆಯಲ್ಲಿ ನಾನು ಆ ತಪ್ಪು ಮಾಡಿದೆ. ಭದ್ರಾವತಿಯಲ್ಲಿರುವ ತಂದೆಯವರಿಗೊಂದು ಫೋನು ಬೇಕಾಗಿತ್ತು. ಅಂಗಡಿಯವನು ಎರಡನ್ನು ಮುಂದಿಟ್ಟ: ರೆಡ್‌ಮಿ ನೋಟ್ 13, ಸ್ಯಾಮ್‌ಸಂಗ್ ಎ15. ಎರಡೂ 5ಜಿ, ಎರಡರ ಬ್ಯಾಟರಿಯೂ 5,000 ಎಂಎಎಚ್. ಮೊದಲನೆಯದರ ಕ್ಯಾಮೆರಾ 108 ಮೆಗಾಪಿಕ್ಸೆಲ್, ಎರಡನೆಯದರದು 50. ಚಾರ್ಜಿನಲ್ಲಿಯೂ ಮೊದಲನೆಯದೇ ಚುರುಕು: 33 ವ್ಯಾಟ್, ಎರಡನೆಯದಕ್ಕೆ 25. ಆದರೆ ಸುರಕ್ಷತೆಯ ಅಪ್‌ಡೇಟ್ ಕೊಡುವೆವೆಂದು ಕಂಪನಿಗಳು ಹೇಳಿದ್ದು ಮೊದಲನೆಯದಕ್ಕೆ 4 ವರ್ಷ, ಎರಡನೆಯದಕ್ಕೆ 5. ಪಿಂಚಣಿಯ ಬ್ಯಾಂಕೇ ಫೋನಿನೊಳಗೆ ಕುಳಿತಿರುವ ಈ ಕಾಲದಲ್ಲಿ ಅದು ಮನೆಯ ಬೀಗವಿದ್ದಂತೆ.

ಯಾವುದನ್ನೂ ಕೊಳ್ಳದೆ ಭದ್ರಾವತಿಯ ಬಸ್ಸು ಹತ್ತಿದೆ. ತಂದೆಯವರು ಅಲ್ಲಿನ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದವರು. 1923ರಲ್ಲಿ ಉತ್ಪಾದನೆ ಆರಂಭಿಸಿದ, ವಿಶ್ವೇಶ್ವರಯ್ಯನವರ ಹೆಸರು ಹೊತ್ತ ಕಾರ್ಖಾನೆ ಅದು. ಹೊಳಪು ನೋಡಿ ಅವರು ಎಂದೂ ಕಬ್ಬಿಣಕ್ಕೆ ಬೆಲೆ ಕಟ್ಟಿದವರಲ್ಲ. ಬಾಳಿಕೆ ಎಷ್ಟು ಎಂಬುದೊಂದೇ ಅವರ ಪ್ರಶ್ನೆ. ಹೇಳಿದೆ. ಅವರು ನಕ್ಕರು.

“ನನಗೆ ಎಪ್ಪತ್ತೆಂಟಾಯ್ತು. ನಾಲ್ಕು ವರ್ಷದ್ದೇ ಸಾಕು ಬಿಡೋ.”

ನಾನು ನಗಲಿಲ್ಲ. ಮರುದಿನ ಶಿವಮೊಗ್ಗಕ್ಕೆ ಬಂದು ಐದು ವರ್ಷದ್ದನ್ನೇ ಕೊಂಡೆ.