ಗರ ಬಡಿದಂತೆ

ಮೊನ್ನೆ ಮೊಮ್ಮಗಳು ತನ್ನ ಪಾಠದಲ್ಲಿದ್ದ 'ಅಗಾಸ್ಟ್' ಎಂಬ ಇಂಗ್ಲಿಷ್ ಪದದ ಅರ್ಥ ಕೇಳಿದಳು. 'ಭಯಚಕಿತ' ಎಂದೆವು. "ಹಂಗಂದ್ರೇನು ಅಜ್ಜಾ?" ಎಂದಳು. ಕನ್ನಡಕ್ಕೇ ಟೀಕೆ ಬೇಕಾಯಿತು!

ಹಳೆಯ ಇಂಗ್ಲಿಷಿನಲ್ಲಿ ಹೆದರಿಸು ಎಂಬರ್ಥದ ಧಾತುವೊಂದಿತ್ತು. ಅದಕ್ಕೆ 'ಅ' ಎಂಬ ಉಪಸರ್ಗ ಸೇರಿ ಈ ಪದವಾಯಿತು. ದೆವ್ವವೆಂಬರ್ಥದ 'ಗೋಸ್ಟ್' ಇದರ ಬಂಧು. ಆ ಗೋಸ್ಟಿಗಾದರೂ ಮೊದಲಿದ್ದ ಅರ್ಥ ಚೇತನ, ಆತ್ಮ. ಕ್ರೈಸ್ತರ 'ಹೋಲಿ ಗೋಸ್ಟ್' ಎಂಬಲ್ಲಿ ಅದಿನ್ನೂ ಉಳಿದಿದೆ. 1476ರಲ್ಲಿ ಇಂಗ್ಲೆಂಡಿನಲ್ಲಿ ಮುದ್ರಣಾಲಯ ತೆರೆದ ವಿಲಿಯಂ ಕ್ಯಾಕ್ಸ್ಟನ್, ಫ್ಲೆಮಿಶ್ ರೂಢಿಯಂತೆ ಗೋಸ್ಟಿನೊಳಗೆ 'ಎಚ್' ಅಕ್ಷರವನ್ನು ಸೇರಿಸಿದನೆಂದು ಪಂಡಿತರ ಮತ. ಗೋಸ್ಟಿನ ನೆರಳು ಬಿದ್ದು ಅಗಾಸ್ಟಿನಲ್ಲಿಯೂ ಆ ಅಕ್ಷರ ನೆಲೆಯಾಯಿತು.

ನಾವೂ 'ಗರ ಬಡಿದಂತೆ' ಎನ್ನುತ್ತೇವಲ್ಲವೆ? ಗರವೆಂಬುದು 'ಗ್ರಹ'ದ ತದ್ಭವ. ಹಿಡಿಯುವುದೇ ಅದರ ಧಾತ್ವರ್ಥ.

ಮಠದ ಪಾಠಶಾಲೆಯಲ್ಲಿದ್ದಾಗ, ತಂದೆಯವರು ಲಿಂಗೈಕ್ಯರಾದರೆಂಬ ತಂತಿ ಬಂದಿತು. ಓದಿದೆವು, ಮಡಿಚಿಟ್ಟೆವು, ಪ್ರಸಾದದ ಪಂಕ್ತಿಯಲ್ಲಿ ಹೋಗಿ ಕುಳಿತೆವು. ಊರು ಮುಟ್ಟಿದ ಮೇಲೂ ಕಣ್ಣಲ್ಲಿ ಹನಿ ನೀರಿಲ್ಲ. ಮಠದ ಹುಡುಗನ ಎದೆ ಕಲ್ಲಾಗಿದೆಯೆಂದು ಬಂಧುಗಳು ಆಡಿಕೊಂಡರು. ತಾಯಿಯವರೊಬ್ಬರೇ, "ಅಂವಗ ಗರಾ ಬಡದೈತಿ, ಸುಮ್ನಿರ್ರಿ" ಎಂದು ನಮ್ಮನ್ನು ಬಳಿಗೆ ಎಳೆದುಕೊಂಡರು. ಅತ್ತದ್ದು ಆಗಲೇ.

ಇದನ್ನೆಲ್ಲ ಕೇಳಿದ ಮೊಮ್ಮಗಳು 'ಭಯಚಕಿತ'ವನ್ನು ಹೊಡೆದುಹಾಕಿ, 'ಗರ ಬಡಿದ' ಎಂದು ಬರೆದುಕೊಂಡಳು. ಅವಳ ಗುರುಗಳು ಅದಕ್ಕೆ ಅಂಕ ಕೊಡುವರೋ ಇಲ್ಲವೋ.